ಹ್ಯಾಂಡಲ್ ಎತ್ತಿದರೆ ನೋವು ಹೋಗುವುದಿಲ್ಲ

ಸ್ಪೋರ್ಟ್ಸ್ ಬೈಕ್ ಓಡಿಸುವವರ ಮಣಿಕಟ್ಟು, ಸೊಂಟ, ಕತ್ತಿನ ನೋವಿಗೆ ನಮ್ಮಲ್ಲಿ ಎರಡೇ ಔಷಧಿಗಳು ಚಾಲ್ತಿಯಲ್ಲಿವೆ. ಒಂದು, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ರೈಸರ್ ಹಾಕಿಸಿ ಹ್ಯಾಂಡಲ್ ಎತ್ತರಿಸಿಕೊಳ್ಳುವುದು. ಇನ್ನೊಂದು, ‘ಸ್ಪೋರ್ಟ್ಸ್ ಬೈಕ್ ಅಂದ್ಮೇಲೆ ನೋವು ಇದ್ದೇ ಇರತ್ತೆ, ತಡ್ಕೋಬೇಕು’ ಎಂಬ ಹಿರಿಯ ಸವಾರರ ಉಪದೇಶ. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ಕಾಣುತ್ತವೆ. ಆದರೆ ಎರಡರ ತಳದಲ್ಲೂ ಇರುವುದು ಒಂದೇ ನಂಬಿಕೆ: ನೋವಿನ ಮೂಲ ತಗ್ಗಿದ ಹ್ಯಾಂಡಲ್. ಒಬ್ಬರು ಅದನ್ನು ಎತ್ತು ಎನ್ನುತ್ತಾರೆ, ಇನ್ನೊಬ್ಬರು ಸಹಿಸು ಎನ್ನುತ್ತಾರೆ. ಈ ನಂಬಿಕೆಯೇ ತಪ್ಪು ಎಂಬುದು ನನ್ನ ವಾದ. ಬಹಳಷ್ಟು ಸಂದರ್ಭಗಳಲ್ಲಿ ತಪ್ಪಿರುವುದು ಸವಾರನ ಕೆಳಗೆ, ಸೀಟು ಮತ್ತು ಕಾಲುಗಳ ನಡುವೆ; ಕೈ ಅದರ ಫಲವನ್ನು ಉಣ್ಣುತ್ತದೆ ಅಷ್ಟೆ.

ಈ ಬಾಗಿದ ಭಂಗಿ ಚೆಂದಕ್ಕಾಗಿ ಹುಟ್ಟಿದ್ದಲ್ಲ. ಇಟಲಿಯ ಮಂಡೆಲ್ಲೊದಲ್ಲಿ ಮೋಟೊ ಗುಝ್ಝಿ ಕಂಪನಿ 1950ರಲ್ಲೇ ಗಾಳಿ ಸುರಂಗ ಕಟ್ಟಿಸಿ ಬೈಕನ್ನೂ ಸವಾರನನ್ನೂ ಒಟ್ಟಿಗೆ ಪರೀಕ್ಷಿಸಿತು. 1985ರ ಸುಝುಕಿ ಜಿಎಸ್‌ಎಕ್ಸ್-ಆರ್750 ರೇಸ್ ಟ್ರ್ಯಾಕಿನ ಆ ಭಂಗಿಯನ್ನು ಹೆಚ್ಚುಕಮ್ಮಿ ಹಾಗೇ ರಸ್ತೆಗೆ ಇಳಿಸಿತು. 2008ರಲ್ಲಿ ಯಮಾಹಾ ಆರ್15 ಬಂದಾಗ ನಮ್ಮ ಕಾಲೇಜು ಹುಡುಗರಿಗೂ ಅದು ದಕ್ಕಿತು. ಈ ವಂಶಾವಳಿ ಬೈಕ್ ಪ್ರಿಯರಿಗೆಲ್ಲ ಗೊತ್ತು. ಅದರೊಳಗಿನ ಒಂದು ಸಂಗತಿಯನ್ನು ಮಾತ್ರ ನಾವು ಮರೆತಿದ್ದೇವೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 25 ಕಿ.ಮೀ.ನಲ್ಲಿ ಇರುವುದಕ್ಕಿಂತ 100 ಕಿ.ಮೀ.ನಲ್ಲಿ ಅದು ಹದಿನಾರು ಪಟ್ಟು. ನೆಟ್ಟಗೆ ಕೂತವನನ್ನು ಆ ಗಾಳಿ ಹಿಂದಕ್ಕೆ ದೂಡುತ್ತದೆ, ಅವನು ಹ್ಯಾಂಡಲ್‌ಗೆ ಜೋತುಬೀಳಬೇಕಾಗುತ್ತದೆ. ಮುಂದಕ್ಕೆ ಬಾಗಿದವನ ಎದೆಗೆ ಅದೇ ಗಾಳಿ ಆಸರೆ ಕೊಟ್ಟು ಮೈಭಾರವನ್ನು ಮಣಿಕಟ್ಟಿನಿಂದ ಇಳಿಸುತ್ತದೆ. ಹೆದ್ದಾರಿಯಲ್ಲಿ ಹಾಯಾಗಿದ್ದ ಬೈಕು ಊರೊಳಗೆ ಬಂದೊಡನೆ ಕಾಡುವುದು ಇದಕ್ಕೇ.

ಹಾಗಾಗಿ ಜನಪ್ರಿಯ ಅಭಿಪ್ರಾಯದಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ತೆವಳುವವನಿಗೆ ಆಸರೆ ಕೊಡುವ ಗಾಳಿ ಎಲ್ಲಿಂದ ಬರಬೇಕು? ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹಂಪು, ಅಡ್ಡ ಬರುವ ಗಾಡಿಗಳ ನಡುವೆ ಗಳಿಗೆಗೊಮ್ಮೆ ಬ್ರೇಕ್ ಹಿಡಿಯುತ್ತ ಸಾಗುವವನಿಗೆ ಒಂದೇ ವೇಗದ ಓಟವೆಂಬುದೇ ಸಿಗುವುದಿಲ್ಲ. ಭಂಗಿ ಒಂದು ವೇಗಕ್ಕೆ ಹುಟ್ಟಿದ್ದು, ನಾವು ಓಡಿಸುವುದು ಇನ್ನೊಂದು ವೇಗದಲ್ಲಿ. ಇಲ್ಲಿಯವರೆಗೆ ಸರಿ. ಆದರೆ ಇದರಿಂದ ‘ಹ್ಯಾಂಡಲ್ ಎತ್ತಿ’ ಎಂಬ ತೀರ್ಮಾನಕ್ಕೆ ಹಾರುವುದು ತರ್ಕವಲ್ಲ. ಗಾಳಿ ಕೊಡದ ಆಸರೆಯನ್ನು ದೇಹದ ಬೇರೆ ಯಾವ ಭಾಗ ಕೊಡಬಲ್ಲದು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ.

ಉತ್ತರ: ತೊಡೆ, ಮೊಣಕಾಲು, ಪಾದ, ಹೊಟ್ಟೆಯ ಸ್ನಾಯು. ಬೈಕ್ ಸವಾರಿಯ ತರಬೇತುದಾರ ಕೀತ್ ಕೋಡ್ ತಮ್ಮ ‘ಎ ಟ್ವಿಸ್ಟ್ ಆಫ್ ದಿ ರಿಸ್ಟ್’ ಪುಸ್ತಕಗಳಲ್ಲೂ ಸೂಪರ್‌ಬೈಕ್ ಶಾಲೆಯಲ್ಲೂ ದಶಕಗಳಿಂದ ಬೋಧಿಸುತ್ತ ಬಂದಿರುವುದರ ತಿರುಳಲ್ಲೊಂದು, ಹ್ಯಾಂಡಲ್ ಮೇಲಿನ ಕೈ ಸಡಿಲವಾಗಿರಬೇಕು ಎಂಬುದು. ಅವರು ಅದನ್ನು ಹೇಳಿದ್ದು ಬೈಕಿನ ಸ್ಥಿರತೆಗಾಗಿ; ಬಿಗಿಹಿಡಿದ ಕೈ ಸ್ಟೀರಿಂಗಿಗೆ ಬೇಡದ ಒತ್ತಡ ಕೊಡುತ್ತದೆ. ಆರಾಮಕ್ಕೂ ಅದೇ ಸೂತ್ರ ಎಂಬುದನ್ನು ನಮ್ಮವರು ಗಮನಿಸಿಲ್ಲ. ಖಾಲಿ ನೇರ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹೋಗುವಾಗ ಮೊಣಕೈಗಳನ್ನು ಕೋಳಿ ರೆಕ್ಕೆ ಬಡಿದಂತೆ ಮೆಲ್ಲಗೆ ಆಡಿಸಿ ನೋಡಿ. ಸಲೀಸಾಗಿ ಆಡಿದರೆ ನಿಮ್ಮ ಭಾರ ಕಾಲಿನ ಮೇಲಿದೆ. ಆಡಿಸಲಾಗದಿದ್ದರೆ ನೀವು ಹ್ಯಾಂಡಲ್‌ಗೆ ಒರಗಿ ಕೂತಿದ್ದೀರಿ, ಒರಗಿದ ಹ್ಯಾಂಡಲ್ ಎಷ್ಟು ಎತ್ತರದಲ್ಲಿದ್ದರೂ ಮಣಿಕಟ್ಟು ನೋಯುತ್ತದೆ. ಬ್ರೇಕ್ ಹಿಡಿದಾಗಂತೂ ಇಡೀ ಮೈ ಮುಂದಕ್ಕೆ ನುಗ್ಗುತ್ತದೆ. ಆಗ ಮೊಣಕಾಲುಗಳು ಟ್ಯಾಂಕನ್ನು ಅಪ್ಪಿ ಹಿಡಿದಿರದಿದ್ದರೆ ಆ ಭಾರವನ್ನು ತಡೆಯಲು ಅಂಗೈ ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ. ಊರೊಳಗಿನ ಒಂದು ಗಂಟೆಯಲ್ಲಿ ಹೀಗೆ ಎಷ್ಟು ಸಲ ಬ್ರೇಕ್ ಹಿಡಿಯುತ್ತೇವೆ ಎಂದು ಯೋಚಿಸಿದರೆ ನೋವಿನ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಟ್ಯಾಂಕಿನ ಇಕ್ಕೆಲಕ್ಕೆ ಅಂಟಿಸುವ ರಬ್ಬರ್ ಗ್ರಿಪ್ಪು ರೈಸರ್‌ಗಿಂತ ಹೆಚ್ಚು ಪ್ರಯೋಜನಕಾರಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕಾಲು ಕೆಲಸ ಮಾಡಬೇಕಾದರೆ ಸೀಟು ಅವಕಾಶ ಕೊಡಬೇಕು. ನಮ್ಮ ಸ್ಪೋರ್ಟ್ಸ್ ಬೈಕ್‌ಗಳ ದೊಡ್ಡ ದೋಷ ಇರುವುದು ಇಲ್ಲಿ. ಸವಾರನ ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿರುತ್ತದೆ, ಮೇಲಿನ ಹೊದಿಕೆ ನುಣುಪಾಗಿರುತ್ತದೆ. ಹತ್ತು ನಿಮಿಷದಲ್ಲಿ ಸವಾರ ಜಾರಿ ಟ್ಯಾಂಕಿಗೆ ಆತುಕೊಳ್ಳುತ್ತಾನೆ. ಟ್ಯಾಂಕಿಗೆ ಆತುಕೊಂಡವನ ಮೊಣಕೈ ಮಡಿಸಲು ಜಾಗವಿಲ್ಲ, ಬೆನ್ನು ಸೊಂಟದ ಕೀಲಿನಲ್ಲಿ ಬಾಗುವ ಬದಲು ನಡುವಿನಲ್ಲಿ ಗೂನಾಗುತ್ತದೆ, ಮುಂದೆ ನೋಡಲು ಕತ್ತು ಇನ್ನಷ್ಟು ಮೇಲೆತ್ತಬೇಕು. ಮೂರು ನೋವುಗಳಿಗೂ ಒಂದೇ ಜಾರುವಿಕೆ ಕಾರಣ. ಟ್ಯಾಂಕಿಗೂ ತನಗೂ ನಡುವೆ ಒಂದು ಮುಷ್ಟಿಯಷ್ಟು ಜಾಗ ಬಿಟ್ಟು ಹಿಂದೆ ಸರಿದು ಕೂತರೆ, ಪಾದದ ಮುಂಭಾಗವನ್ನು ಫುಟ್‌ರೆಸ್ಟಿನ ಮೇಲಿಟ್ಟರೆ ಅದೇ ಬೈಕು ಬೇರೆ ಬೈಕಾಗುತ್ತದೆ. ಸೀಟಿನ ಮುಂಭಾಗದ ಫೋಮು ಸ್ವಲ್ಪ ಏರಿಸಿ ಇಳಿಜಾರು ತೆಗೆದು ಒರಟು ಬಟ್ಟೆಯ ಹೊದಿಕೆ ಹಾಕಿಕೊಡುವ ಸೀಟು ಕೆಲಸದವರು ನಮ್ಮ ಊರುಗಳಲ್ಲೆಲ್ಲ ಇದ್ದಾರೆ. ‘ಮೆತ್ತಗೆ ಮಾಡಿಕೊಡಿ’ ಎಂದು ಮಾತ್ರ ಕೇಳಬೇಡಿ. ಅತಿ ಮೆತ್ತಗಿನ ಫೋಮು ಅರ್ಧ ಗಂಟೆಯಲ್ಲಿ ಕುಸಿದು ಮೂಳೆಯನ್ನು ತಳದ ಪ್ಲಾಸ್ಟಿಕ್ಕಿಗೆ ತಾಗಿಸುತ್ತದೆ.

ಆರ್15ರ ಇತಿಹಾಸವನ್ನೇ ನೋಡಿ. 2011ರ ಎರಡನೇ ಆವೃತ್ತಿಯಲ್ಲಿ ಸೀಟು ಎರಡು ಭಾಗವಾಯಿತು. ದೂರು ಬಂತು. 2015ರಲ್ಲಿ ಒಂದೇ ಸೀಟಿನ ಆರ್15 ಎಸ್ ಬಂತು. ಮೂರನೇ ಆವೃತ್ತಿಯಲ್ಲೂ ಅದೇ ಕಥೆ ನಡೆದು 2021ರಲ್ಲಿ ಮತ್ತೆ ಒಂದೇ ಸೀಟಿನ ಎಸ್ ಬಂತು. ಜನ ಗಟ್ಟಿಯಾಗಿ ಕೇಳಿದರೆ ಕಂಪನಿ ಸೀಟು ಬದಲಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಕೇಳಿದ್ದೂ ಕೊಟ್ಟಿದ್ದೂ ಹಿಂದೆ ಕೂರುವವರ ಅನುಕೂಲಕ್ಕಾಗಿ. ಸವಾರನ ಸೀಟಿನ ಇಳಿಜಾರಿನ ಬಗ್ಗೆ ಅಂಥ ಗಟ್ಟಿ ದನಿ ಇವತ್ತಿಗೂ ಎದ್ದಿಲ್ಲ, ಏಕೆಂದರೆ ಎಲ್ಲರೂ ಹ್ಯಾಂಡಲ್ಲನ್ನೇ ಬೈಯುತ್ತಿದ್ದಾರೆ.

ಬೆಂಗಳೂರಿನ ಐಟಿ ಉದ್ಯೋಗಿಗಳ ಬೆನ್ನಿಗಿರುವ ಲ್ಯಾಪ್‌ಟಾಪ್ ಬ್ಯಾಗಿನ ಬಗ್ಗೆ ಒಂದು ಮಾತು. ಬಾಗಿದ ಬೆನ್ನ ಮೇಲಿನ ಚೀಲದ ತೂಕ ಭುಜದ ಪಟ್ಟಿಗಳ ಮೂಲಕ ಮುಂದಕ್ಕೆ ಸಾಗಿ ಕೊನೆಗೆ ಅಂಗೈಗೇ ಇಳಿಯುತ್ತದೆ. ಸ್ಕೂಟರಿನಲ್ಲಿ ಇದೇ ಚೀಲ ತೊಂದರೆ ಕೊಡದಿರುವುದಕ್ಕೆ ಕಾರಣ, ಅಲ್ಲಿ ಬೆನ್ನು ನೆಟ್ಟಗಿರುತ್ತದೆ. ಹಿಂದಿನ ಸೀಟಿಗೆ ಚೀಲ ಕಟ್ಟಲು ಬೇಕಾದ ಬಂಜಿ ಹಗ್ಗದ ಬೆಲೆ ಎಷ್ಟು? ಆದರೂ ಸಾವಿರಾರು ರೂಪಾಯಿ ಕೊಟ್ಟು ಹ್ಯಾಂಡಲ್ ಬದಲಿಸಿದವರ ಬೆನ್ನ ಮೇಲೆ ಚೀಲ ಹಾಗೇ ಉಳಿದಿರುವುದನ್ನು ನಾನು ದಿನವೂ ನೋಡುತ್ತೇನೆ.

ಕೈ ಜೋಮು ಹಿಡಿಯುವುದೂ ಒಂದು ಭಾಷೆಯಲ್ಲಿ ಮಾತಾಡುತ್ತದೆ. ಕಿರುಬೆರಳು, ಉಂಗುರ ಬೆರಳು ಮರಗಟ್ಟಿದರೆ ಅಂಗೈಯ ಹೊರ ಅಂಚಿನ ಅಲ್ನಾರ್ ನರದ ಮೇಲೆ ಭಾರ ಬಿದ್ದಿದೆ ಎಂದು ಅನುಮಾನಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ನರ. ಆಗ ಮಣಿಕಟ್ಟು ಅತಿಯಾಗಿ ಮೇಲಕ್ಕೆ ಮಡಚಿಕೊಂಡಿರುತ್ತದೆ. ಈ ಎರಡನೆಯದಕ್ಕೆ ಬಹಳ ಸಲ ಕಾರಣ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳ ಕೋನ. ಷೋರೂಮಿನಿಂದ ಬಂದ ಕೋನದಲ್ಲೇ ವರ್ಷಗಟ್ಟಲೆ ಓಡಿಸುವವರೇ ಹೆಚ್ಚು. ಬೋಲ್ಟು ಸಡಿಲಿಸಿ, ಮುಂದೋಳಿನ ಗೆರೆಯಲ್ಲೇ ಬೆರಳು ಚಾಚಿದರೆ ಲಿವರ್ ಸಿಗುವಂತೆ ತಿರುಗಿಸಿ ಮತ್ತೆ ಬಿಗಿಯಲು ಒಂದು ಅಲೆನ್ ಕೀ ಸಾಕು. ಸಸ್ಪೆನ್ಷನ್ನಿನ ವಿಷಯವೂ ಹೀಗೇ. ಹಿಂದೆ ಕೂರುವವರಿಗಾಗಿ ಹಿಂದಿನ ಸ್ಪ್ರಿಂಗಿನ ಪ್ರಿಲೋಡ್ ಬಿಗಿ ಮಾಡಿಸಿ, ಆಮೇಲೆ ಒಬ್ಬರೇ ಓಡಿಸಿದರೆ ಬಾಲ ಮೇಲೆದ್ದು ಸವಾರ ಮುಂದಕ್ಕೆ ವಾಲುತ್ತಾನೆ. ಫೋರ್ಕಿನ ಆಯಿಲ್ ಹಳತಾಗಿ ಶಕ್ತಿ ಕಳಕೊಂಡರೆ ಪ್ರತಿ ಬ್ರೇಕಿಗೂ ಮೂತಿ ರಪ್ಪನೆ ಕುಸಿಯುತ್ತದೆ. ಎರಡರ ಭಾರವೂ ಕೈಗೇ.

ರೈಸರ್ ಪಕ್ಷದವರ ಬಲವಾದ ಪ್ರತಿವಾದವೊಂದಿದೆ: ‘ಹಾಕಿಸಿದ ಮೇಲೆ ನನಗೆ ನಿಜಕ್ಕೂ ಆರಾಮಾಯ್ತು.’ ಇದನ್ನು ಸುಳ್ಳೆನ್ನುವುದಿಲ್ಲ. ಕೈ ಗಿಡ್ಡ ಇರುವವರು, ಮಣಿಕಟ್ಟಿಗೆ ಹಳೆಯ ಪೆಟ್ಟು ಬಿದ್ದವರು, ಸೊಂಟದ ಕೀಲು ಬಗ್ಗದವರು ಇದ್ದಾರೆ. ಅವರಿಗೆ ಎರಡು ಸೆಂಟಿಮೀಟರ್ ಎತ್ತರ ದೊಡ್ಡ ಉಪಕಾರ. ನನ್ನ ತಕರಾರು ಅದನ್ನು ಮೊದಲ ಮದ್ದು ಮಾಡಿರುವುದರ ಬಗ್ಗೆ, ಮತ್ತು ಮಾಡುವ ರೀತಿಯ ಬಗ್ಗೆ. ಹ್ಯಾಂಡಲ್ ಮೇಲೆ ಹೋದಂತೆ ಬ್ರೇಕ್ ಹೋಸ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತವೆ. ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿದಾಗ ಎಂಜಿನ್ನಿನ ವೇಗ ತಾನಾಗಿ ಏರಿದರೆ ಕೇಬಲ್ಲಿನ ಉದ್ದ ಸಾಲುತ್ತಿಲ್ಲ ಎಂದರ್ಥ. ಯು-ಟರ್ನ್‌ನಲ್ಲಿ ಅದು ಆಗುವ ಗಳಿಗೆ ಅಪಾಯದ ಗಳಿಗೆ. ಇನ್ನೂ ಕೆಟ್ಟದ್ದು, ಫೋರ್ಕ್ ಕೊಳವೆಗಳಿಗೆ ಬಿಗಿಯುವ ಕ್ಲಿಪ್-ಆನ್ ಹ್ಯಾಂಡಲ್ಲನ್ನು ಅವುಗಳನ್ನು ಹಿಡಿದಿಡುವ ಮೇಲಿನ ಪ್ಲೇಟಿನ ಮೇಲೆ ಕೂರಿಸಲೆಂದು ಆ ಕೊಳವೆಗಳನ್ನೇ ಮೇಲಕ್ಕೆ ಜರುಗಿಸುವುದು. ಆಗ ಬೈಕಿನ ಮುಂಭಾಗ ತಗ್ಗುತ್ತದೆ, ಸ್ಟೀರಿಂಗ್ ಕೋನ ಕಡಿದಾಗುತ್ತದೆ, ವೇಗದಲ್ಲಿ ಸ್ಥಿರತೆ ಕುಂದುತ್ತದೆ. ಆರಾಮ ಕೇಳಿಕೊಂಡು ಬಂದವನಿಗೆ ತಿಳಿಸದೆ ಬೈಕಿನ ಜ್ಯಾಮಿತಿ ಬದಲಿಸಿ ಕಳಿಸುವುದನ್ನು ನಾನು ಕ್ಷಮಿಸಲಾರೆ.

ಇನ್ನು ನೆಟ್ಟಗೆ ಕೂರುವುದೇ ಆರೋಗ್ಯ ಎಂಬ ಮಾತು. ರಸ್ತೆಗುಂಡಿಯ ಪೆಟ್ಟು ನೆಟ್ಟಗಿರುವ ಬೆನ್ನಿನಲ್ಲಿ ನೇರವಾಗಿ ಬುಡದಿಂದ ತುದಿಗೆ ಏರುತ್ತದೆ. ಕಾಲು ಮುಂದೆ ಚಾಚಿ ಕೂರುವ ಕ್ರೂಸರ್‌ನಲ್ಲಿ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಏಳಲೂ ಆಗುವುದಿಲ್ಲ. ಕಾಲು ಕೆಳಗಿರುವ, ಸೊಂಟದಲ್ಲಿ ಬಾಗಿದ ಸವಾರ ಹಂಪು ಕಂಡೊಡನೆ ಸೀಟಿನಿಂದ ಒಂದಿಷ್ಟು ಎದ್ದು ಆ ಪೆಟ್ಟನ್ನು ತೊಡೆಗೆ ಕೊಡಬಲ್ಲ. ಹಾಳಾದ ರಸ್ತೆಗೆ ಬಾಗಿದ ಭಂಗಿಯಲ್ಲೂ ಒಂದು ಅನುಕೂಲವಿದೆ. ಅದನ್ನು ಯಾವ ಷೋರೂಮಿನಲ್ಲೂ ಹೇಳಿಕೊಡುವುದಿಲ್ಲ.

‘ತಡ್ಕೋ’ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಡ್ಯಾನಿ ಪೆಡ್ರೊಸಾ ಅಂಥ ಮೋಟೊಜಿಪಿ ಸವಾರ ಮುಂದೋಳಿನ ಸ್ನಾಯುಗಳ ತೊಂದರೆಗೆ 2015ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೆಲವು ರೇಸ್‌ಗಳನ್ನೇ ಬಿಡಬೇಕಾಯಿತು. ಅಷ್ಟು ಪಳಗಿದ ದೇಹವೂ ಸೋಲುವಲ್ಲಿ, ಕಚೇರಿಗೆ ಹೋಗಿಬರುವವನಿಗೆ ಸಹನೆಯ ಪಾಠ ಹೇಳುವುದು ಅನ್ಯಾಯ.

ಕಂಪನಿಗಳ ಮೇಲೂ ಆರೋಪವಿದೆ. ಹೊಸೂರಿನ ಟಿವಿಎಸ್ ಕಂಪನಿ 2021ರಲ್ಲಿ ಅಪಾಚೆ ಆರ್‌ಆರ್ 310ಕ್ಕೆ ಬೇಕಾದಂತೆ ಕಟ್ಟಿಸಿಕೊಳ್ಳುವ ಸೌಲಭ್ಯ ಕೊಟ್ಟಿತು. ಒಳ್ಳೆಯ ಹೆಜ್ಜೆ, ಮೆಚ್ಚುತ್ತೇನೆ. ಆದರೆ ಭಂಗಿ ಬದಲಿಸುವ ರೇಸ್ ಕಿಟ್ ಕೊಟ್ಟದ್ದು ಹ್ಯಾಂಡಲ್ ಇನ್ನಷ್ಟು ರೇಸಿನದ್ದಾಗಿ, ಫುಟ್‌ರೆಸ್ಟ್ ಇನ್ನಷ್ಟು ಎತ್ತರವಾಗಿ ಬೇಕೆನ್ನುವವರಿಗೆ. ಫುಟ್‌ರೆಸ್ಟ್ ಎರಡು ಸೆಂಟಿಮೀಟರ್ ಇಳಿಸಿಕೊಳ್ಳಲು ಬಯಸುವವನಿಗೂ ಅದೇ ಗೌರವ ಸಿಗಬೇಕಿತ್ತು. ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗುವಷ್ಟು ವಾಲದವನಿಗೆ ಎತ್ತರದ ಫುಟ್‌ರೆಸ್ಟಿನಿಂದ ಸಿಗುವುದು ಮಡಚಿದ ಮಂಡಿಯ ನೋವು ಮಾತ್ರ.

ನಮ್ಮ ಬೈಕ್ ವಿಮರ್ಶಕರೂ ಜವಾಬ್ದಾರರು. ಆರ್15 ಮೂರನೇ ಆವೃತ್ತಿಯ ಸೀಟಿನ ಎತ್ತರ 815 ಮಿ.ಮೀ., ಆರ್‌ಆರ್ 310ರದು 810 ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಸೀಟಿನಿಂದ ಹ್ಯಾಂಡಲ್‌ಗೆ ಎಷ್ಟು ದೂರ, ಸೀಟಿನಿಂದ ಫುಟ್‌ರೆಸ್ಟಿಗೆ ಎಷ್ಟು, ಸೀಟು ಎಷ್ಟು ಇಳಿಜಾರು ಎಂದು ಅಳೆದು ಹೇಳಿದ ಕನ್ನಡ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕೊಳ್ಳುವವನ ಮಣಿಕಟ್ಟು, ಮಂಡಿ, ಬೆನ್ನು ನಿರ್ಧಾರವಾಗುವುದು ಈ ಮೂರು ಅಳತೆಗಳಿಂದ. ವಿಮರ್ಶಕ ಮಿತ್ರರು ಮುಂದಿನ ಬೈಕಿನ ಬಳಿ ಹೋಗುವಾಗ ಒಂದು ಅಳತೆ ಟೇಪು ಒಯ್ಯಲಿ. ಕೊಳ್ಳುವವರೂ ಷೋರೂಮಿನಲ್ಲಿ ಎರಡು ನಿಮಿಷ ಕೂತು ಸಹಿ ಹಾಕದೆ, ಕನಿಷ್ಠ ಅರ್ಧ ಗಂಟೆ ಊರ ಟ್ರಾಫಿಕ್ಕಿನಲ್ಲಿ ಓಡಿಸಲು ಕೊಡಿ ಎಂದು ಹಟ ಹಿಡಿಯಲಿ.