ಚಂದ್ರಿಯ ದಿನಚರಿ ಮತ್ತು ನಮ್ಮ ವಾಟ್ಸಾಪ್

ಕಳೆದ ಶುಕ್ರವಾರ ರೂವಿಯ ಮಿತ್ರರೊಬ್ಬರ ಮನೆಯಲ್ಲಿ ನಾವು ಹತ್ತು ಮಂದಿ ಕೂಡಿ ‘ಸಂಸ್ಕಾರ’ ಚಿತ್ರವನ್ನು ಮತ್ತೊಮ್ಮೆ ನೋಡಿದೆವು. ಚಹಾ ಕುಡಿಯುತ್ತ ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಲಂಕೇಶರ ನಾರಣಪ್ಪ ಎಲ್ಲ ಚರ್ಚೆಗೆ ಬಂದವು. ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರ ಮುಂದಿನ ಕಥೆ ಮಾತ್ರ ಇಬ್ಬರಿಗಷ್ಟೇ ಗೊತ್ತಿತ್ತು. ಆದ್ದರಿಂದ ಈ ಬರಹ.

ಅನಂತಮೂರ್ತಿಯವರ ಕಾದಂಬರಿಯನ್ನು ಜನ 1965ರಿಂದಲೇ ಓದುತ್ತಿದ್ದರು. ಅದೇ ಕಥೆ 1970ರಲ್ಲಿ ಚಿತ್ರವಾದಾಗ ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿಯಿತು. ಕೇಂದ್ರ ಸರ್ಕಾರ ತಡೆ ತೆಗೆಯಿತು; ಕನ್ನಡಕ್ಕೆ ಮೊದಲ ಸ್ವರ್ಣಕಮಲವೂ ಬಂತು. ಇದನ್ನು ನಾವು ಗೆಲುವೆಂದೇ ಹೇಳಿಕೊಳ್ಳುತ್ತೇವೆ. ಆದರೆ ಕೊಡುವ ಕೈಯೇ ಕಸಿಯುವ ಕೈಯೂ ಆಗಬಲ್ಲದೆಂಬುದು ಐದೇ ವರ್ಷಗಳಲ್ಲಿ ತಿಳಿಯಿತು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. 1976ರ ಮೇ ತಿಂಗಳಲ್ಲಿ ಸ್ನೇಹಲತಾ ಬಂಧನವಾಯಿತು. ಬರೋಡಾ ಡೈನಮೈಟ್ ಮೊಕದ್ದಮೆಯ ನಂಟು ಹೇಳಿದರು. ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು. ಆಸ್ತಮಾ ಉಲ್ಬಣಿಸಿದ ಮೇಲೆ ಪೆರೋಲ್ ಸಿಕ್ಕಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು.

ಅವರ ಜೈಲು ದಿನಚರಿ ಅದೇ ವರ್ಷ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಸಾಹಿತ್ಯದ ತಕ್ಕಡಿಯಲ್ಲಿ ಇಟ್ಟರೆ ಅದು ಹಗುರ: ತುಂಡು ತುಂಡು ಬರಹ. ಆದರೆ ಅದರ ಬೆಲೆ ಬೇರೆಡೆ ಇದೆ. ತನ್ನ ನೋವಿನ ನಡುವೆಯೂ ಜೊತೆಯ ಹೆಣ್ಣು ಕೈದಿಗಳಿಗಾಗುವ ಅವಮಾನವನ್ನು ಆಕೆ ಬರೆದಿಡುತ್ತಾರೆ. ಚಿತ್ರದಲ್ಲಿ ಅಗ್ರಹಾರದ ಗಂಡಸರೆಲ್ಲ ಮಾತಾಡುತ್ತಾರೆ, ಚಂದ್ರಿಗೆ ಮಾತು ಕಡಿಮೆ. ದಿನಚರಿಯಲ್ಲಿ ಆಕೆಯೇ ಮಾತಾಡುತ್ತಾಳೆ. ಚಿತ್ರವನ್ನು ಹೊಗಳುವ ನಾವು ಈ ಪುಸ್ತಕವನ್ನು ಓದದಿರುವುದು ದೊಡ್ಡ ಲೋಪವೆಂದೇ ನಮ್ಮ ಅನಿಸಿಕೆ.

ಅಂದಿನ ಸೆನ್ಸಾರ್ ಕಣ್ಣಿಗೆ ಕಾಣುತ್ತಿತ್ತು. ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಾಗ ಓದುಗನಿಗೆ ಅರ್ಥವಾಯಿತು. ಇಂದು ಮೊಬೈಲಿನಲ್ಲಿ ಖಾಲಿ ಜಾಗವೇ ಇಲ್ಲ. ಇಲ್ಲಿ 2016ರಲ್ಲಿ ನ್ಯಾಯಾಂಗದ ಬಗ್ಗೆ ಬರೆದ ‘ಅಝಮನ್’ ಪತ್ರಿಕೆ ಮುಚ್ಚಿದ್ದನ್ನೂ, ಪತ್ರಕರ್ತರು ಬಂಧನಕ್ಕೊಳಗಾದದ್ದನ್ನೂ ಬಲ್ಲೆವು. ಹಾಗಾಗಿ ಇಲ್ಲಿನ ವಿಷಯಕ್ಕೆ ನಮ್ಮ ಬಾಯಿಗೆ ಬೀಗ. ಊರಿನ ರಾಜಕೀಯಕ್ಕೋ ಬೆರಳಿಗೆ ಬಿಡುವೇ ಇಲ್ಲ. ಯಾರು ಬರೆದರೋ ತಿಳಿಯದ ಪಕ್ಷಗಳ ಸಂದೇಶಗಳನ್ನು ಮುಂದಕ್ಕೆ ದೂಡುತ್ತೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಇಂಜಿನಿಯರೊಬ್ಬರನ್ನು ಗುಂಪು ಕೊಂದಿತು. ಜೊತೆಗಿದ್ದ ಕತಾರಿನ ಗೆಳೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ವಾಟ್ಸಾಪಿನಲ್ಲಿ ಮಕ್ಕಳ ಕಳ್ಳತನವಾಗಿ ಹರಡಿತ್ತು. ಊರಿಗೆ ಹೋಗುವಾಗ ಚಾಕೊಲೇಟ್ ಒಯ್ಯದವರು ನಮ್ಮಲ್ಲಿ ಯಾರಿದ್ದಾರೆ?

ಕಾನೂನು ಮುರಿಯಿರೆಂದು ನಾವು ಹೇಳುತ್ತಿಲ್ಲ. ದುಡಿಯಲು ಬಂದವರು ನಾವು. ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ ಇದು ಯಾರ ಮಾತು ಎಂದು ಕೇಳಿಕೊಂಡರೆ ಸಾಕು. ಹೇಳದೇ ಬಿಟ್ಟ ಮಾತು ಯಾವುದೆಂದೂ ಲೆಕ್ಕವಿಡೋಣ. ಈ ಲೇಖನದಲ್ಲಿಯೇ ಎರಡು ಸಾಲನ್ನು ನಾವು ಹೊಡೆದುಹಾಕಿದ್ದೇವೆ. ಹೊಡೆಯಿರೆಂದು ಯಾರೂ ಹೇಳಿರಲಿಲ್ಲ.