ತಣಿಯಲು ತಡಮಾಡುವ ಚೇಂಬರ್: ಕರಾವಳಿಯ ತೇವದ ಲೆಕ್ಕ

ಎಲೆಕ್ಟ್ರಾನಿಕ್ ಉಪಕರಣ, ಬಣ್ಣ, ಔಷಧ ಮೊದಲಾದವು ಬಿಸಿ, ಚಳಿ, ತೇವಗಳನ್ನು ಎಷ್ಟು ತಾಳಿಕೊಳ್ಳುತ್ತವೆ ಎಂದು ಒರೆಹಚ್ಚಲು ಬೇಕಾದ ಹವೆಯನ್ನು ತನ್ನೊಳಗೇ ಸೃಷ್ಟಿಸುವ ಪೆಟ್ಟಿಗೆಗೆ ಪರಿಸರ ಪರೀಕ್ಷಾ ಚೇಂಬರ್ ಎಂದು ಹೆಸರು. ಅದು ನಿಗದಿತ ಅವಧಿಯಲ್ಲಿ ತಣಿಯದಿದ್ದಾಗ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಕಮ್ಮಿಯಾಗಿದೆ’ ಎಂಬುದು. ಆದರೆ ತಣಿಸುವ ಈ ಗ್ಯಾಸ್ ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ವಸ್ತುವಾದ್ದರಿಂದ ಸೋರದೆ ಕಡಿಮೆಯಾಗದು. ಸೋರಿಕೆಯನ್ನು ಹುಡುಕದೆ ತುಂಬಿಸುವುದು ರೋಗ ತಿಳಿಯದೆ ಮದ್ದು ಕೊಟ್ಟಂತೆ.

ಶಂಕರಪುರ, ಕಾಪು, ಉಡುಪಿ, ಮಣಿಪಾಲಗಳಂಥ ಕಡಲ ನೆರೆಯ ಊರುಗಳಲ್ಲಿ ವಿಚಾರಣೆ ಆರಂಭವಾಗಬೇಕಾದದ್ದು ಗಾಳಿಯಿಂದ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಶೇ. 80ರಷ್ಟು ಸಾಪೇಕ್ಷ ಆರ್ದ್ರತೆಯುಳ್ಳ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಅಷ್ಟು ಗಾಳಿಯನ್ನು ಮೈನಸ್ 40 ಡಿಗ್ರಿಗೆ ಇಳಿಸಲು ಸುಮಾರು 80 ಕಿಲೋಜೌಲ್ ಶಾಖವನ್ನು ತೆಗೆಯಬೇಕಾದರೆ, ಅದರಲ್ಲಿರುವ ಆವಿಯನ್ನು ನೀರಾಗಿಸಿ ಹಿಮಗಟ್ಟಿಸಲು ಇನ್ನೂ 65 ಕಿಲೋಜೌಲಿನಷ್ಟು ತೆಗೆಯಬೇಕು. ಮಳೆಗಾಲದಲ್ಲಿ ಒಮ್ಮೆ ಬಾಗಿಲು ತೆರೆದರೂ ಗಾಳಿಯನ್ನು ತಣಿಸುವ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದಾಯಿತು. ಬಾಗಿಲಿನ ಗ್ಯಾಸ್ಕೆಟ್ ಸಡಿಲವಾಗಿದ್ದರಂತೂ ತೇವ ಬಿಡದೆ ಒಳನುಗ್ಗಿ, ಶಾಖ ಹೀರುವ ಇವಾಪರೇಟರ್ ಕಾಯಿಲ್‌ನ ಮೇಲೆ ಹಿಮವಾಗಿ ಕೂತು, ಗಾಳಿ ಹಾಯುವ ಸಂದುಗಳನ್ನೇ ಮುಚ್ಚಿಬಿಡುತ್ತದೆ. ಒಳಗಿಟ್ಟ ಸಾಮಗ್ರಿಯ ಹೊರೆ ಇದಕ್ಕಿಂತ ದೊಡ್ಡದು: 10 ಕಿಲೋ ಅಲ್ಯೂಮಿನಿಯಂ ಅಷ್ಟೇ ತಣಿಯಲು 630 ಕಿಲೋಜೌಲ್ ಶಾಖವನ್ನು ಬಿಟ್ಟುಕೊಡಬೇಕು.

ಎರಡನೆಯದಾಗಿ, ಒಳಗಿನ ಶಾಖವನ್ನು ಹೊರಗೆ ಚೆಲ್ಲುವ ಕಂಡೆನ್ಸರನ್ನು ನೋಡಬೇಕು. ತಾಮ್ರದ ಕೊಳವೆಗೆ ತಗುಲಿದ ಅಲ್ಯೂಮಿನಿಯಂ ರೆಕ್ಕೆಗಳನ್ನು ಉಪ್ಪುಗಾಳಿ ತಿನ್ನುತ್ತದೆ. ಬೆರಳು ಸೋಕಿದರೆ ಬಿಳಿ ಪುಡಿ ಉದುರುವ ಸ್ಥಿತಿಗೆ ಬಂದ ರೆಕ್ಕೆಗಳು ಶಾಖವನ್ನು ದಾಟಿಸಲಾರವು. ಮೂರನೆಯದು ಹೀಟರ್. ಅನೇಕ ಚೇಂಬರ್‌ಗಳು ಉಷ್ಣತೆಯನ್ನು ಸ್ಥಿರವಾಗಿಡಲು ಹೀಟರನ್ನೂ ಬಳಸುವುದರಿಂದ, ಅದನ್ನು ಹಚ್ಚಿ ಆರಿಸುವ ರಿಲೇ ಅಂಟಿಕೊಂಡರೆ ತಣಿಸುವ ಯಂತ್ರ ತನ್ನ ಪೆಟ್ಟಿಗೆಯ ಬಿಸಿಯೊಡನೆಯೇ ಹೋರಾಡುತ್ತಿರುತ್ತದೆ. ನಿಯಂತ್ರಕ ಪೂರ್ಣ ತಣಿಸುವಿಕೆಯನ್ನು ಕೇಳುತ್ತಿರುವಾಗ ಹೀಟರ್ ತಂತಿಗೆ ಕ್ಲಾಂಪ್ ಮೀಟರ್ ಹಿಡಿದರೆ ಕರೆಂಟ್ ಸೊನ್ನೆ ತೋರಬೇಕು.

ಎರಡು ಕಂಪ್ರೆಸರ್‌ಗಳು ಸರಣಿಯಲ್ಲಿ ದುಡಿಯುವ ಕ್ಯಾಸ್ಕೇಡ್ ವ್ಯವಸ್ಥೆಯಲ್ಲಿ ಮೊದಲ ಹಂತ ತಣಿದ ಮೇಲಷ್ಟೇ ಎರಡನೆಯದಕ್ಕೆ ಕಸುವು ಬರುತ್ತದೆ. ಆದಕಾರಣ ಉಷ್ಣತೆಯ ಇಳಿಕೆ ಆರಂಭದಿಂದಲೇ ನಿಧಾನವೋ, ನಡುವೆ ನಿಂತುಹೋಗುತ್ತದೋ ಎಂಬ ವ್ಯತ್ಯಾಸವೇ ದೋಷವಿರುವ ಹಂತದ ಸುಳಿವು ಕೊಡುತ್ತದೆ. ಇಷ್ಟನ್ನೂ ನೋಡಿದ ಬಳಿಕ ತರಬೇತಾದ ತಂತ್ರಜ್ಞ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಜೋಡಿಸುವುದು ಸರಿಯಾದ ಕ್ರಮ.

ಚೇಂಬರ್ ಹೊಸದಾಗಿದ್ದಾಗ, ಖಾಲಿಯಿರುವಾಗಲೇ, ಅದು ಕನಿಷ್ಠ ಉಷ್ಣತೆಗೆ ಇಳಿಯಲು ಹಿಡಿದ ಸಮಯವನ್ನು ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಬರೆದಿಟ್ಟುಕೊಂಡ ಪ್ರಯೋಗಾಲಯಕ್ಕೆ, ನಿಧಾನವೆಂಬ ದೂರು ಯಂತ್ರದ್ದೋ ಋತುವಿನದ್ದೋ ಎಂದು ತೀರ್ಮಾನಿಸಲು ಬೇರೆ ಸಾಕ್ಷಿ ಬೇಕಾಗುವುದಿಲ್ಲ.