ಮರಳಿ ಬಂದವರ ಲೆಕ್ಕ: ಅಬ್ಬೆ ದುಬ್ವಾ ಅವರ ‘ಪತ್ರಗಳು’ – ಒಂದು ಮರು ಓದು

ಹಾಸನ ಸೀಮೆಯ ಧರ್ಮಸಭೆಯ ಚರಿತ್ರೆಯನ್ನು ಬೋಧಿಸುವಾಗಲೆಲ್ಲ ನಾವು ಅಬ್ಬೆ ದುಬ್ವಾ ಅವರನ್ನು ಗೌರವದಿಂದ ಸ್ಮರಿಸುತ್ತೇವೆ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದವರು ಅವರು. ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿಕೊಟ್ಟವರು. ಸಿಡುಬಿಗೆ ದಾಕು ಹಾಕಿಸುವುದನ್ನು ಜನರಲ್ಲಿ ಬಳಕೆಗೆ ತಂದವರು. ಆದರೆ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಗಳನ್ನು ಕುರಿತು ಅವರು ಬರೆದು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಪತ್ರಗಳು’ ಗ್ರಂಥವನ್ನು ಮಾತ್ರ ವಿದ್ಯಾರ್ಥಿಗಳ ಕೈಗೆ ಕೊಡಲು ನಾವು ಹಿಂಜರಿಯುತ್ತ ಬಂದಿದ್ದೇವೆ. ಇಲ್ಲಿನ ಸ್ಥಿತಿಯಲ್ಲಿ ಹಿಂದೂಗಳನ್ನು ಕ್ರಿಸ್ತವಿಶ್ವಾಸಕ್ಕೆ ತರುವುದು ಮಾನವ ಪ್ರಯತ್ನಕ್ಕೆ ಸಾಧ್ಯವಿಲ್ಲವೆಂಬುದೇ ಆ ಗ್ರಂಥದ ತೀರ್ಪು. ಮೂವತ್ತು ವರ್ಷ ದುಡಿದ ಗುರುವೊಬ್ಬರು ಹಡಗು ಹತ್ತುವ ಮುನ್ನ ಹೀಗೆ ಕೈಚೆಲ್ಲಿದರೆಂಬುದು ನಮಗೆ ಮುಜುಗರದ ಸಂಗತಿ.

ಈಗ ಅದನ್ನು ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಸಕಲೇಶಪುರದ ಯುವಕನೊಬ್ಬ ಹಬ್ಬಕ್ಕೆ ಊರಿಗೆ ಬಂದಿದ್ದಾಗ, “ಫಾದರ್, ಹುಟ್ಟಿದ್ದೇನೋ ಇದರಲ್ಲಿ. ಆದರೆ ಇದರಲ್ಲೇ ಯಾಕೆ ಇರಬೇಕು?” ಎಂದು ಕೇಳಿದ. ಉದ್ಧಟತನದಿಂದ ಕೇಳಿದ್ದಲ್ಲ. ನಾವು ಕೊಟ್ಟ ಉತ್ತರದಲ್ಲಿ ಶಾಲೆಗಳಿದ್ದವು, ಆಸ್ಪತ್ರೆಗಳಿದ್ದವು, ಹುತಾತ್ಮರಿದ್ದರು. ಅವನಿಗೆ ತೃಪ್ತಿಯಾಗಲಿಲ್ಲ, ನಿಜಕ್ಕೂ ನಮಗೂ ಆಗಲಿಲ್ಲ.

ದುಬ್ವಾ ಅವರದು ಲೆಕ್ಕದ ಕಣ್ಣು. ಇಷ್ಟೆಲ್ಲ ವರ್ಷಗಳಲ್ಲಿ ತಾವೂ ಒಬ್ಬ ದೇಶೀಯ ಗುರುವೂ ಸೇರಿ ವಿಶ್ವಾಸಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಈ ಪ್ರಾಮಾಣಿಕತೆಗೆ ನಾವು ತಲೆಬಾಗಬೇಕು. ವರದಿಗಳಲ್ಲಿ ಅಂಕಿ ಉಬ್ಬಿಸುವ ಚಾಳಿ ಅಂದೂ ಇತ್ತು, ಇಂದೂ ಇದೆ. ಆದರೆ ಮರುಕ್ಷಣವೇ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು, ಭಿಕ್ಷುಕರು ಎಂದು ಸೇರಿಸಿ, ಆ ಸಂಖ್ಯೆಯನ್ನು ಇನ್ನಷ್ಟು ಕುಗ್ಗಿಸುತ್ತಾರೆ. ಇಲ್ಲಿ ಓದು ನಿಲ್ಲುತ್ತದೆ. ಔತಣಕ್ಕೆ ಬೀದಿಯಿಂದ ಕರೆತಂದವರನ್ನು ಅತಿಥಿಗಳ ಎಣಿಕೆಯಿಂದ ಬಿಡುವ ಶುಭಸಂದೇಶ ಯಾವುದು? ಆಲೂರು, ಸಕಲೇಶಪುರದ ಕಾಫಿ ತೋಟಗಳ ಲೈನ್ ಮನೆಗಳಿಂದ ಭಾನುವಾರ ನಡೆದು ಬರುವವರ ಮುಂದೆ ನಿಂತು ಬಲಿಪೂಜೆ ಅರ್ಪಿಸಿದ ಯಾವ ಗುರುವೂ ಆ ವಾಕ್ಯವನ್ನು ಸುಮ್ಮನೆ ದಾಟಿಹೋಗಲಾರ.

ಇದಕ್ಕಿಂತ ಗಂಭೀರವಾದುದು ಟಿಪ್ಪುವಿನ ಕಾಲದ ಸೆರೆಯನ್ನು ಕುರಿತ ಪುಟ. (ಈ ಪುಟವನ್ನು ಇಂದಿನ ಜಗಳಗಳಿಗೆ ಕೋಲಾಗಿ ಬಳಸುವವರಿದ್ದಾರೆ, ನಮ್ಮ ವಿಷಯ ಅದಲ್ಲ.) 1784ರಲ್ಲಿ ಸೆರೆಯಾದ ಕ್ರೈಸ್ತರು ಅರವತ್ತು ಸಾವಿರ ಎಂಬುದು ದುಬ್ವಾ ಅವರ ಎಣಿಕೆ. ಬಲವಂತದ ಮತಾಂತರ ನಡೆದಾಗ, ಸಾಯುತ್ತೇನೆಯೇ ಹೊರತು ವಿಶ್ವಾಸ ಬಿಡೆನೆನ್ನುವ ಒಬ್ಬನಾದರೂ ಅವರಲ್ಲಿ ಹುಟ್ಟಲಿಲ್ಲವಲ್ಲ ಎಂದು ಅವರು ಹೇಸಿಗೆಯಿಂದಲೇ ಬರೆಯುತ್ತಾರೆ. ನಮ್ಮ ಪ್ರಬೋಧನೆಗಳಲ್ಲಿ ಇದೇ ಸೆರೆ ಅಚಲ ನಿಷ್ಠೆಯ ಕಥೆಯಾಗಿ ಬರುತ್ತದೆ. ದುಬ್ವಾ ಅವರ ಮಾತೇ ಅತಿರೇಕವಿರಬಹುದು; ಆದರೂ ಅವರು ಬದುಕುಳಿದವರ ನಡುವೆ ಬಾಳಿದವರು, ಅವರ ಸಾಕ್ಷ್ಯವನ್ನು ತಳ್ಳಿಹಾಕಿ ನಮ್ಮ ಕಥೆಯನ್ನಷ್ಟೇ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಆ ಪುಟದಲ್ಲೇ ಇನ್ನೊಂದು ಸಂಗತಿಯಿದೆ. 1799ರ ನಂತರ ಆ ಜನರು ಹಿಂದಿರುಗಿದರು: ತೊರೆದದ್ದು ಹೊರಗಷ್ಟೇ, ಒಳಗೆ ಕ್ರಿಸ್ತನೇ ಇದ್ದನೆಂದರು. ಅಂಥ ಸುಮಾರು ಎರಡು ಸಾವಿರ ಮಂದಿ ತಮ್ಮ ಬಳಿಗೇ ಬಂದರೆಂದು ದುಬ್ವಾ ದಾಖಲಿಸಿ ಮುಂದೆ ಸಾಗುತ್ತಾರೆ. ಮುಂದೆ ಸಾಗಬಾರದಿತ್ತು. ಹದಿನೈದು ವರ್ಷಗಳಲ್ಲಿ ಎಳೆಯ ಮಗು ಪ್ರಾಯಕ್ಕೆ ಬಂದಿರುತ್ತದೆ, ಜಪಗಳು ಮರೆತಿರುತ್ತವೆ, ಮದುವೆ, ಮನೆ, ನೆರೆಹೊರೆ ಎಲ್ಲವೂ ಬದಲಾಗಿರುತ್ತವೆ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ ಬಂದರು, ಅದೂ ತಾವು ಸೋತದ್ದನ್ನು ಬಲ್ಲ ಗುರುವಿನ ಮುಂದೆ. ಸಿಕ್ಕದ ಹುತಾತ್ಮನನ್ನು ಹುಡುಕುತ್ತಿದ್ದ ದುಬ್ವಾ ಅವರಿಗೆ ಬಾಗಿಲಲ್ಲಿ ನಿಂತ ಈ ಎರಡು ಸಾವಿರ ಜನ ಪುರಾವೆಯಾಗಿ ಕಾಣಲೇ ಇಲ್ಲ. ಅವರೂ ಕ್ರಾಂತಿಯ ನಡುವೆ 1792ರಲ್ಲಿ ಫ್ರಾನ್ಸನ್ನು ಬಿಟ್ಟು ಬಂದವರೇ. ಅದನ್ನು ಯಾರೂ ಹೇಡಿತನವೆನ್ನಬಾರದು. ಆದರೆ ಅದೇ ಔದಾರ್ಯ ಇವರಿಗೂ ಸಲ್ಲಬೇಕಿತ್ತು.

1824ರಲ್ಲಿ ಅವರಿಗೆ ಉತ್ತರ ಬರೆದ ಪ್ರೊಟೆಸ್ಟಂಟ್ ಸಭೆಗಳ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಅವರೂ ಬಹುಮಟ್ಟಿಗೆ ಸಫಲತೆಯ ಪ್ರಶ್ನೆಯನ್ನೇ ಹಿಡಿದು ವಾದಿಸಿದರು. ಧರ್ಮಸಭೆಗಾದರೋ ಇನ್ನೂ ಹಳೆಯ ನೆನಪೊಂದಿತ್ತು. ದೇಸಿಯಸ್ ಚಕ್ರವರ್ತಿಯ ಹಿಂಸೆಯಲ್ಲಿ ಎಡವಿದವರನ್ನು ಮತ್ತೆ ಸೇರಿಸಿಕೊಳ್ಳಬಾರದೆಂದು ನೊವಾಷಿಯನ್ ಪಟ್ಟುಹಿಡಿದಾಗ, 251ರಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷರು ಸಂತ ಸಿಪ್ರಿಯಾನರ ನೇತೃತ್ವದಲ್ಲಿ ಸಭೆ ಸೇರಿ, ಪ್ರಾಯಶ್ಚಿತ್ತದ ಹಾದಿಯನ್ನು ತೆರೆದಿಟ್ಟರು. ಆ ಹಿಂಸೆಯ ಕಾಲದಲ್ಲಿ ಸಿಪ್ರಿಯಾನರೇ ತಲೆಮರೆಸಿಕೊಂಡಿದ್ದರು, ಹುತಾತ್ಮರಾದದ್ದು 258ರಲ್ಲಿ. ಪೇತ್ರನಾದರೂ ಅಷ್ಟೆ: ಒಂದು ಬೆಂಕಿಯ ಬಳಿ ಅಲ್ಲಗಳೆದವನನ್ನು ಇನ್ನೊಂದು ಬೆಂಕಿಯ ಬಳಿ ಕೂರಿಸಿ, ಉಣ್ಣಿಸಿ, ಪ್ರೀತಿಸುವೆಯಾ ಎಂದು ಪ್ರಭು ಕೇಳಿದರು. ಏಕೆ ಓಡಿದೆ ಎಂದು ಕೇಳಲಿಲ್ಲ.

ಆ ಯುವಕನಿಗೆ ನಾವು ಹೇಳಬೇಕಾಗಿದ್ದ ಕಾರಣ ಇದು. ಗೆದ್ದವರ ಧರ್ಮವೆಂದು ಇದರಲ್ಲಿ ಇರಬೇಕಾಗಿಲ್ಲ. ತನ್ನನ್ನು ಅಲ್ಲಗಳೆದವರಿಗಾಗಿಯೇ ಸತ್ತು, ಎದ್ದು, ಮೊದಲು ಅವರನ್ನೇ ಅರಸಿ ಹೋದ ಒಬ್ಬನು ಇಲ್ಲಿದ್ದಾನೆ. ಇದು ನಿಜವಾದರೆ, ನಮ್ಮ ಸೋಲು ನಮ್ಮ ಕುರಿತ ಕೊನೆಯ ಮಾತಲ್ಲ. ಹಾಗೆಂದು ಇದು ಸಡಿಲತೆಗೆ ಪರವಾನಗಿಯೂ ಅಲ್ಲ. ಮರಳಿ ಬರುವುದು ಉಳಿಯುವುದಕ್ಕಿಂತ ಸುಲಭವೆಂದು ಹೇಳುವವರು ಪಾಪನಿವೇದನೆಯ ಪೀಠದ ಇನ್ನೊಂದು ಬದಿಯಲ್ಲಿ ಮಂಡಿಯೂರಿ ನೋಡಲಿ.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ನಾವು ಹೇಳುವಂತಿಲ್ಲ. ಜಗಲಿಯ ಮೇಲೆ ಕೇಳಿದ್ದನ್ನು ಹೇಳಬಹುದು. ಆಲೂರು ಕಡೆಯ ತೋಟವೊಂದರ ಹಿರಿಯ ಕೂಲಿಕಾರರೊಬ್ಬರು ಹಲವು ವರ್ಷ ದೇವಾಲಯದತ್ತ ತಲೆ ಹಾಕಿರಲಿಲ್ಲ. ಹೆಂಡತಿಯ ಮಣ್ಣಿನ ದಿನ ನಮ್ಮವರೇ ಒಬ್ಬರು ಆಡಿದ ಬಿರುಸು ಮಾತು ಅದಕ್ಕೆ ಕಾರಣ. ಕಳೆದ ಕುಯ್ಲಿನ ಹೊತ್ತಿಗೆ ಒಂದು ಸಂಜೆ ಬಂದು, ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆಯೇ ಕುಳಿತರು. “ಸ್ವಾಮಿ, ಬಿಟ್ಟು ಹೋದೋರ್ನ ಸೇರಿಸ್ಕೋತೀರಾ?” ಎಂದರು. ಕ್ಷಮೆ ಕೇಳಬೇಕಾದವರು ನಾವಾಗಿದ್ದೆವು, ಕೇಳಿದೆವು. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಭಾನುವಾರವೂ ಕುಯ್ಲಿದೆ, ಪೂಜೆ ಎಷ್ಟು ಗಂಟೆಗೆ ಎಂದು ವಿಚಾರಿಸಿದರು.